ಹಿಂದಿನ ಕೋಣೆಯ ಒಲೆ

ಬಾಡಿಗೆ ಮನೆಯಲ್ಲೇ ಸೋಯಾ ಹಾಲು, ಅದನ್ನು ಒಡೆಸಿ ಪನೀರಿನಂಥ ತೋಫು ಮಾಡಿ ಮಾರುತ್ತ ದಾಕ್ಷಾಯಣಿ ಎರಡು ಕೋಣೆಯ ಸ್ವಂತ ಮನೆ ಕಟ್ಟಿಸಿದಳು. ಗಂಡ ತೀರಿ ಒಂಬತ್ತು ವರ್ಷವಾಗಿತ್ತು. ಗೃಹಪ್ರವೇಶದ ಬೆಳಿಗ್ಗೆ ತಮ್ಮ ಅವಳನ್ನು ಪಕ್ಕಕ್ಕೆ ಕರೆದ.

“ಅಕ್ಕ, ಹಾಲು ಉಕ್ಸೋದು ಮುತ್ತೈದೆ ಕೈಲೇ ಆಗ್ಬೇಕಂತೆ. ನನ್ನ ಹೆಂಡ್ತಿ ಉಕ್ಸ್ತಾಳೆ. ನೀನು ಸ್ವಲ್ಪ ಹೊತ್ತು ಹಿಂದಿನ ಕೋಣೇಲಿರು. ಜನ ಏನಾದ್ರೂ ಅಂದ್ರೆ ನಿಂಗೇ ಬೇಜಾರು.”

“ಆಯ್ತು. ಮಧ್ಯಾಹ್ನಕ್ಕೆ ತೋಫು ಕೊಡೋದಿದೆ. ಅಲ್ಲೇ ಮಾಡ್ಕೋತೀನಿ.”

ಅಡುಗೆಮನೆಯಲ್ಲಿ ತಮ್ಮನ ಹೆಂಡತಿ ಹೊಸ ಒಲೆಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದಳು. ಹಿಂದಿನ ಕೋಣೆಯಲ್ಲಿ ದಾಕ್ಷಾಯಣಿ ನೆನೆಸಿದ ಸೋಯಾ ಕಾಳು ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಹಾಲನ್ನು ಸ್ಟೌ ಮೇಲಿಟ್ಟಳು. ತಳ ಹಿಡಿಯದಂತೆ ತಿರುವುತ್ತ ಕುಳಿತಳು. ಕುದಿ ಬರುವ ಹೊತ್ತಿಗೆ ಸೌಟನ್ನು ತೆಗೆದು ನೆಲದ ಮೇಲಿಟ್ಟಳು.

ಬೆಂಕಿಪೊಟ್ಟಣ ಕೇಳಲು ಬಂದ ತಮ್ಮ ಬಾಗಿಲಲ್ಲೇ ನಿಂತ.

“ಅಕ್ಕ, ನೊರೆ ಮೇಲಕ್ಕೆ ಬಂತು. ಸೌಟು ಆಡ್ಸು.”

ಅವಳು ಕೈಕಟ್ಟಿ ಕುಳಿತೇ ಇದ್ದಳು. ನೊರೆ ಪಾತ್ರೆಯ ಅಂಚು ದಾಟಿ, ಉರಿಯ ಮೇಲೆ ಸುರಿದು ಚುರ್ ಎಂದಿತು.

“ನಿನ್ನ ಹೆಂಡ್ತಿಗೆ ಹೇಳು, ಈ ಮನೇಲಿ ಹಾಲು ಉಕ್ಕಿ ಆಯ್ತು. ಕೈ ತೊಳ್ಕೊಂಡು ತಿಂಡಿಗೆ ಬರ್ಲಿ.”