ವರದಿಯ ನೀಲವ್ವ

ಯುವಜನ ತರಬೇತಿ ಸಂಸ್ಥೆಯ ಸಿಬ್ಬಂದಿಗೆ ಮೌಲ್ಯಮಾಪನ ಕಲಿಸಲು ಹೊರಗಿನಿಂದ ಮೇಡಂ ಒಬ್ಬರು ಬಂದಿದ್ದರು.

"ನಮ್ಮಲ್ಲಿ ಕಲಿತವರೆಲ್ಲಾ ಉದ್ಧಾರ ಆಗ್ಯಾರ್ರೀ," ಎಂದು ನಿರ್ದೇಶಕರು ಹತ್ತು ವರ್ಷ ಹಿಂದಿನ ವರದಿ ತೆರೆದರು. "ನೋಡ್ರಿ, ಈ ನೀಲವ್ವ. ಹೊಲಿಗಿ ಕಲ್ತು ಸ್ವಂತ ಅಂಗಡಿ ಇಟ್ಟಾಳ."

"ಆಕೀನ ಕೇಳಿ ಬರದೀರೇನು?" ಎಂದರು ಮೇಡಂ.

"ಕೇಳೂದೇನೈತ್ರಿ? ನನಗ ಗೊತ್ತಿಲ್ಲೇನು?"

"ಬರದದ್ದು ಖರೇನೋ ಸುಳ್ಳೋ ನೋಡೂದೇ ಇವತ್ತಿನ ಪಾಠ. ಎಲ್ಲಾರ ಮುಂದ ಫೋನ್ ಹಚ್ರಿ."

ಸಿಬ್ಬಂದಿಯೆಲ್ಲ ನೋಡುತ್ತಿದ್ದರು. ನಿರ್ದೇಶಕರು ವರದಿಯಲ್ಲಿದ್ದ ನಂಬರ್ ಒತ್ತಿದರು. ಮೇಡಂ ಅವರ ಚೀಲದೊಳಗೆ ಫೋನ್ ರಿಂಗಾಯಿತು.

ಆಕೆ ಅದನ್ನು ತೆಗೆದು ನಿಧಾನವಾಗಿ ಕಿವಿಗಿಟ್ಟುಕೊಂಡರು.

"ನೀಲವ್ವ ಮಾತಾಡೂದ್ರಿ. ಜಾತಿ ಕೇಳಿ ಮೂರನೇ ದಿನಕ್ಕ ನನ್ನ ಹೊರಗ ಹಾಕಿದ್ರಿ. ಅಂಗಡಿ ಯಾವಾಗ ಹಾಕ್ಕೊಟ್ರಿ, ಸರ?"