ಹನ್ನೆರಡು ನಿಮಿಷದ ತವರು

ಹುಬ್ಬಳ್ಳಿಯಿಂದ ಬಳ್ಳಾರಿಗೆ ಕೊಳವೆಯೊಳಗೆ ಓಡುವ ಹೊಸ ರೈಲು ಹನ್ನೆರಡೇ ನಿಮಿಷದಲ್ಲಿ ಮುಟ್ಟಿಸುತ್ತಿತ್ತು. ಹೆದ್ದಾರಿಯಲ್ಲಿ ಕಾರುಗಳೇ ಇರಲಿಲ್ಲ. ಟೋಲ್‌ಗೇಟಿನ ನೆರಳಲ್ಲಿ ಆಡುಗಳು ಮಲಗುತ್ತಿದ್ದವು. ಶಿವಯೋಗಿ ಮಾತ್ರ ಹಳೇ ಕಾರು ಮಾರಿರಲಿಲ್ಲ. ಹೆಂಡತಿ ಗಂಗಾಂಬಿಕೆ ಜಗಳವಾಡಿ ಬ್ಯಾಗು ತುಂಬಿದಾಗಲೆಲ್ಲ ಅವನೇ ಬಳ್ಳಾರಿಯ ತವರಿಗೆ ಕಾರಿನಲ್ಲಿ ಕರೆದೊಯ್ಯುತ್ತಿದ್ದ. ಗದಗಿನವರೆಗೆ ಇಬ್ಬರದೂ ಮೌನ. ಕೊಪ್ಪಳದಲ್ಲಿ ಮಿರ್ಚಿ ಭಜಿ. ಹೊಸಪೇಟೆ ಬರುವಷ್ಟರಲ್ಲಿ ಅವಳೇ ನಗುತ್ತಿದ್ದಳು. ಎಷ್ಟೋ ಸಲ ಅಲ್ಲಿಂದಲೇ ಮನೆಗೆ ತಿರುಗಿ ಬಂದಿದ್ದರು.

ಇವತ್ತೂ ಅವಳು ಬ್ಯಾಗು ಹಿಡಿದು ಹೊರಬರುವ ಮೊದಲೇ ಅವನು ಕಾರು ಚಾಲೂ ಮಾಡಿ ಕೂತಿದ್ದ.

"ಬಾ, ಕೂಡು," ಎಂದ.

ಅವಳು ಕಾರಿನ ಬಾಗಿಲು ಮುಟ್ಟಲಿಲ್ಲ.

"ಬ್ಯಾಡ್ರಿ. ಇವತ್ತ ರೈಲಿಗೇ ಹೋಗ್ತೀನಿ. ಕಾರಿನ್ಯಾಗ ಹೋದ್ರ ನನ್ನ ಸಿಟ್ಟು ಇಳೀತೈತಿ."