ಬಾಣಂತನಕ್ಕೆ ಬಂದ ಲಾರಿ

ರಾಯಚೂರಿನಲ್ಲಿ ಹಿಮ ಬೀಳುವುದು ಶುರುವಾದ ಮೇಲೆ, ಲಾರಿ ಇದ್ದವರ ಮನೆಯ ಕಿಟಕಿಯಿಂದೆಲ್ಲ ಒಂದೊಂದು ವಯರು ಅಂಗಳಕ್ಕೆ ಇಳಿದಿರುತ್ತಿತ್ತು. ರಾತ್ರಿಯಿಡೀ ಎಂಜಿನ್ನಿಗೆ ಹೀಟರ್ ಹಚ್ಚಿಡದಿದ್ದರೆ ಬೆಳಿಗ್ಗೆ ಲಾರಿ ಉಸಿರೆತ್ತುತ್ತಿರಲಿಲ್ಲ. ಮನೆಗೆ ಸಿಗುತ್ತಿದ್ದದ್ದೋ ಒಂದೇ ಹೀಟರಿಗೆ ಸಾಲುವಷ್ಟು ಕರೆಂಟು.

ಆ ಬೆಳಿಗ್ಗೆ ಕಟ್ಟಿಗೆ ಹೇರಿಕೊಂಡು ನಿಂತಿದ್ದ ಯಮನೂರಪ್ಪನ ಲಾರಿ ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗಲಿಲ್ಲ. ಇಳಿದು ನೋಡಿದರೆ ಹೀಟರಿನ ವಯರು ಕಿತ್ತು ಬಿದ್ದಿತ್ತು.

“ಯಾರು ಕಿತ್ತಿದ್ದು ಇದನ್ನ?”

“ನಾನಽ ಕಿತ್ತೀನಿ,” ಎಂದಳು ಬಾಗಿಲಲ್ಲಿ ನಿಂತಿದ್ದ ಹೆಂಡತಿ ಹುಲಿಗೆಮ್ಮ. “ಬಾಣಂತಿ ಖೋಲ್ಯಾಗ ಮಮ್ಮಗಳು ನಡುಗಾಕತ್ತಿದ್ಳು, ಅಲ್ಲಿ ಹೀಟರ್ ಹಚ್ಚಿದೆ. ನಿಮ್ಮ ಲಾರಿಗೇನು ನೆಗಡಿ ಬರತೈತೇನು?”

“ಆಯಿಲ್ ಗಟ್ಟಿ ತುಪ್ಪ ಆಗಿ ಕುಂತೈತಲ್ಲ! ಲಿಂಗಸುಗೂರಿನ ಮಂದಿ ಈ ಕಟ್ಟಿಗಿ ದಾರಿ ಕಾಯಾಕತ್ಯಾರ. ಮಧ್ಯಾಹ್ನಕ್ಕ ಹಿಮ ಬಿದ್ದು ರಸ್ತೆ ಮುಚ್ಚತೈತಿ.”

ಹುಲಿಗೆಮ್ಮ ಬಚ್ಚಲಿಗೆ ನಡೆದಳು. ಮಗಳಿಗೆ ಎರೆಯಲು ಕಾಯಿಸಿದ್ದ ನೀರಿನ ಹಂಡೆಯನ್ನು ಗಂಡನಿಂದ ಅಂಗಳಕ್ಕೆ ಎತ್ತಿಸಿದಳು. ಗೋಣಿಚೀಲಗಳನ್ನು ಅದರಲ್ಲಿ ಅದ್ದಿ ಎಂಜಿನ್ನಿಗೆ ಸುತ್ತಿದಳು, ಆರಿದೊಡನೆ ಮತ್ತೆ ಅದ್ದಿದಳು. ಬಾನೆಟ್ಟಿನ ಮೇಲೆ ತನ್ನ ಕಂಬಳಿಯನ್ನೂ ಹೊದಿಸಿದಳು.

“ಮಗಳದಾತು, ಇನ್ನ ಇದರದೊಂದು ಬಾಣಂತನ,” ಎಂದು ಗೊಣಗಿದಳು. ಯಮನೂರಪ್ಪನ ಸಿಟ್ಟು ಎಲ್ಲಿ ಹೋಯಿತೋ, ಅವನೂ ತೋಳೇರಿಸಿ ಚೀಲ ಹಿಂಡತೊಡಗಿದ.

ಬಿಸಿಲೇರುವಷ್ಟರಲ್ಲಿ ಲಾರಿ ಒಮ್ಮೆ ಕೆಮ್ಮಿ, ಓಣಿಯೆಲ್ಲ ನಡುಗುವಂತೆ ಗುಡುಗಿತು. ಒಳಗೆ ನಿದ್ದೆ ಹೋಗಿದ್ದ ಕೂಸು ಬೆಚ್ಚಿ ಕಿಟಾರನೆ ಚೀರಿತು.

ಯಮನೂರಪ್ಪ ಗಾಬರಿಯಾಗಿ ಎಂಜಿನ್ ಬಂದ್ ಮಾಡಿಬಿಟ್ಟ.

ಕೂಸು ಸುಮ್ಮನಾಯಿತು. ಹುಲಿಗೆಮ್ಮ ಖಾಲಿ ಹಂಡೆಯನ್ನೊಮ್ಮೆ, ಸ್ಟೇರಿಂಗ್ ಹಿಡಿದು ಕುಳಿತ ಗಂಡನನ್ನೊಮ್ಮೆ ನೋಡಿ ನಕ್ಕಳು.

“ಇರ್ರಿ, ಕೂಸಿಗೆ ನಿದ್ದಿ ಹತ್ತೋದ್ರಾಗ ಲಾರಿ ಮತ್ತ ಆರತೈತಿ, ಇನ್ನೊಂದು ಹಂಡೆ ನೀರು ಇಡತೀನಿ.”